ಪುಟಕ್ಕೆ ಎರಡು ತೊದಲು

ಒತ್ತಿದ್ದು ತಾನೇ ಇರಬಹುದೆ? ನಿನ್ನೆ ಸಂಜೆ ಮುಚ್ಚುವಾಗ ಪರದೆಯ ಮೂಲೆಯಲ್ಲಿ ಆ ಚೌಕ ಎದ್ದಿತ್ತು. ಅಪ್‌ಡೇಟ್ ಸಿದ್ಧವಾಗಿದೆ, ಈಗಲೋ ಆಮೇಲೋ ಎಂದು ಕೇಳಿತ್ತು. ತಾನು ಒತ್ತಿದ್ದು ಆಮೇಲೆ ಎಂಬುದನ್ನೇ. ಮೂರು ವಾರದಿಂದ ದಿನಾ ಒತ್ತುತ್ತಿದ್ದದ್ದೂ ಅದನ್ನೇ. ಆದರೆ ದಿನಾ ಮಾಡಿದ ಕೆಲಸವನ್ನು ನಿನ್ನೆಯೂ ಮಾಡಿದೆ ಎಂದು ಯಾರು ತಾನೆ ಆಣೆಯಿಟ್ಟು ಹೇಳಬಲ್ಲರು? ಬೆರಳು ಜಾರಿ ಈಗ ಎಂಬುದರ ಮೇಲೆ ಬಿದ್ದಿರಬಹುದು. ಬೆರಳಿಗೇನು, ಅದಕ್ಕೆ ಓದು ಬರುವುದಿಲ್ಲ.

ಹೀಗೆ ತನ್ನ ಬೆರಳನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡು ಅವನು ಅಕ್ಕನ ಮನೆಯ ಸಾಮಾನು ಕೋಣೆಯಲ್ಲಿ ಲ್ಯಾಪ್‌ಟಾಪಿನ ಎದುರು ಕೂತಿದ್ದ. ಬೆಳಗ್ಗೆ ಒಂಬತ್ತೂವರೆಗೆ ತೆರೆದಾಗಿನಿಂದ ಅದು ಒಂದೇ ರಾಗ ಹಾಡುತ್ತಿತ್ತು. ನೂರಕ್ಕೆ ಮೂವತ್ತೈದರವರೆಗೆ ಓಡುವುದು, ಅಲ್ಲಿ ಮೊಂಡುಬಿದ್ದು ನಿಲ್ಲುವುದು, ಅಪ್‌ಡೇಟ್ ಪೂರ್ಣಗೊಳ್ಳಲಿಲ್ಲ, ಬದಲಾವಣೆಗಳನ್ನು ರದ್ದು ಮಾಡಲಾಗುತ್ತಿದೆ ಎಂದು ಸಾರುವುದು, ಆರುವುದು, ತಾನಾಗಿ ಮತ್ತೆ ಹೊತ್ತಿಕೊಳ್ಳುವುದು. ಐದು ಸುತ್ತು ಮುಗಿದಿತ್ತು. ಗಂಟೆ ಹತ್ತೂಕಾಲು.

ಕೋಣೆಯ ನಾಲ್ಕೂ ಗೋಡೆಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ ಹಗ್ಗ ಬಿಗಿದಿದ್ದರು. ಬಾಗಿಲಿಗೆ ಎರಡು ಕಂಬಳಿ. ಫ್ಯಾನ್ ಇರಲಿಲ್ಲ, ಅದರ ಸದ್ದು ಮೈಕಿಗೆ ಬೀಳುತ್ತದೆ. ಆರು ವರ್ಷದಿಂದ ಅಕ್ಕ ಇಲ್ಲಿ ಕೂತು ಪುಸ್ತಕ ಓದುತ್ತಿದ್ದಳು, ಅವನು ಆ ಓದನ್ನು ತಿದ್ದುತ್ತಿದ್ದ. ಕಣ್ಣು ಕಾಣದವರಿಗಾಗಿ ಇರುವ ಒಂದು ಗ್ರಂಥಾಲಯಕ್ಕೆ ಹೀಗೆ ಇಪ್ಪತ್ತಮೂರು ಪುಸ್ತಕ ಹೋಗಿತ್ತು. ಇಪ್ಪತ್ತನಾಲ್ಕನೆಯದು ಚರಿತ್ರೆಯ ಪಠ್ಯಪುಸ್ತಕ, ಹನ್ನೊಂದು ಪಾಠ. ಹತ್ತು ಪಾಠ ಕಳಿಸಿಯಾಗಿತ್ತು. ಹನ್ನೊಂದನೆಯದು ಇವತ್ತು ನಾಲ್ಕು ಗಂಟೆಯೊಳಗೆ ಸೇರಬೇಕು. ಸೋಮವಾರ ಪರೀಕ್ಷೆ. ಕೊನೆಯ ಪಾಠದಿಂದಲೇ ಹೆಚ್ಚು ಪ್ರಶ್ನೆ ಬರುತ್ತವೆ ಎಂದು ಗ್ರಂಥಪಾಲಕರು ಎರಡು ಸಲ ಫೋನ್ ಮಾಡಿ ಹೇಳಿದ್ದರು.

ಅವನ ಹೊಟ್ಟೆಪಾಡಿನ ಕೆಲಸ ಬೇರೆ. ಪದವಿ ಮುಗಿಸಿ ಎಂಟು ವರ್ಷದಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ, ಇವತ್ತು ಅದಕ್ಕೆ ರಜೆ ಹಾಕಿದ್ದ. ಅಲ್ಲಿ ಕಾಗುಣಿತ ತಿದ್ದಿ ಬಂದು ಇಲ್ಲಿ ಮೌನ ತಿದ್ದುವುದು. ಇದನ್ನು ಯಾರಿಗಾದರೂ ವಿವರಿಸಿದರೆ ನಗುತ್ತಾರೆಂದು ಅವನು ವಿವರಿಸುತ್ತಿರಲಿಲ್ಲ. ಅಕ್ಕ ಓದುವಾಗ ಎರಡು ವಾಕ್ಯದ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಾಳೆ, ಪ್ಯಾರಾ ಮುಗಿದಾಗ ಎಷ್ಟು, ಸಾಲು ತಪ್ಪಿ ಹುಡುಕುವಾಗ ಎಷ್ಟು, ಬೇಸರವಾದಾಗ ಎಷ್ಟು, ಎಲ್ಲ ಅವನಿಗೆ ಅಂಗೈ ಮೇಲಿನ ಗೆರೆ. ಬೇಡದ್ದನ್ನು ಕತ್ತರಿಸುವನು, ಬೇಕಾದ್ದನ್ನು ಉಳಿಸುವನು. ಗ್ರಂಥಪಾಲಕರು ಹುಟ್ಟುಕುರುಡರು. ಅವರೊಮ್ಮೆ, "ಓದೋದು ನಿಮ್ಮ ಅಕ್ಕ. ಆದ್ರೆ ನನಗೆ ಅರ್ಥ ಆಗೋದು ನೀವು ಬಿಟ್ಟಿರೋ ಜಾಗದಲ್ಲಿ," ಅಂದಿದ್ದರು. ಆ ಒಂದು ಮಾತಿನ ಮೇಲೆ ಅವನು ನಾಲ್ಕು ವರ್ಷ ಬದುಕಿದ್ದ ಎಂದರೂ ನಡೆಯುತ್ತದೆ.

"ಏನೋ ಕತ್ತರಿ, ಇನ್ನೂ ಎದ್ದಿಲ್ವಾ ನಿನ್ನ ಕುದುರೆ?"

ಕಂಬಳಿ ಸರಿಸಿ ಇಣುಕಿದ್ದು ಭಾವ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವರು. ಬೆಳಗಿನ ಪಾಠ ಮುಗಿಸಿ ಬಂದಿದ್ದರು, ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಮೂವತ್ತೈದಕ್ಕೆ ನಿಲ್ತಿದೆ ಭಾವ."

"ಆಫ್ ಮಾಡಿ ಆನ್ ಮಾಡು."

"ಅದೇ ಐದು ಸಲ ಮಾಡ್ಕೊಳ್ತು."

"ಅದು ಮಾಡ್ಕೊಳ್ಳೋದಲ್ಲ ಕಣೋ, ನೀನು ಮಾಡ್ಬೇಕು. ಗಾಡಿಗೆ ಯಾರು ಯಜಮಾನ ಅಂತ ಗೊತ್ತಾಗ್ಬೇಕು." ಹಾಗೆಂದವರು ಒಳಗೆ ಬರಲಿಲ್ಲ. ಸಾಮಾನ್ಯವಾಗಿ ಬಂದು ಅವನ ಭುಜದ ಮೇಲೆ ಗಲ್ಲ ಊರಿ ಪರದೆ ನೋಡುವವರು. ಇವತ್ತು ಹೊಸ್ತಿಲಲ್ಲೇ ನಿಂತು, "ಅಂಗಡಿಗೆ ಒಯ್ದ್ರೆ ಹೆಂಗೆ?" ಅಂದರು.

"ಅಂಗಡಿಯವನು ಎಲ್ಲಾ ಅಳಿಸಿ ಹೊಸದಾಗಿ ಹಾಕ್ತಾನೆ ಅಷ್ಟೆ. ಪಾಠ ಒಳಗಿದೆ."

"ಅಳಿಸಿದ್ರೆ ಅಳಿಸ್ಲಿ ಬಿಡು," ಅಂದವರು ಅವನ ಮುಖ ನೋಡಿ, "ಅಲ್ಲ, ತಮಾಷೆಗೆ," ಎಂದು ಸೇರಿಸಿ ನೀರು ಕುಡಿಯಲು ಹೋದರು.

ಅವನು ಕೆಲಸಕ್ಕೆ ಕೂತ. ಮೊದಲು ಮೈಕಿನ ತಂತಿ, ಹೊರಗಿನ ಡಿಸ್ಕು, ಮೌಸು, ಎಲ್ಲ ಕಿತ್ತ. ಒಮ್ಮೊಮ್ಮೆ ಇಂಥ ಚಿಲ್ಲರೆ ಸಾಮಾನೇ ಅಪ್‌ಡೇಟಿಗೆ ಅಡ್ಡಗಾಲು ಹಾಕುತ್ತದೆ. ಆಗಲಿಲ್ಲ. ಹೊತ್ತಿಕೊಳ್ಳುವಾಗಲೇ ಪವರ್ ಗುಂಡಿ ಒತ್ತಿಹಿಡಿದು ಆರಿಸಿದ. ಮೂರು ಸಲ ಹೀಗೆ ಮಾಡಿದ ಮೇಲೆ ಅದು ಸೋತು ರಿಪೇರಿಯ ಪುಟ ತೆರೆಯಿತು. ಸೇಫ್ ಮೋಡ್ ಎಂಬುದನ್ನು ಆರಿಸಿದ. ಆಗ ನೀಲಿ ಪರದೆ ಬಂದು, ಈ ಡಿಸ್ಕಿಗೆ ಬೀಗ ಹಾಕಿದೆ, ಬೀಗದ ಸಂಖ್ಯೆ ಕೊಡಿ ಎಂದಿತು. ನಲವತ್ತೆಂಟು ಅಂಕಿ.

ಅದಕ್ಕೆ ಅವನು ಹೆದರಲಿಲ್ಲ. ಲ್ಯಾಪ್‌ಟಾಪ್ ಕೊಂಡ ವಾರವೇ ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟು, ಎರಡು ಸಲ ತಾಳೆ ನೋಡಿದ್ದ. ಕರಡು ತಿದ್ದುವವನ ಬರಹ, ತಪ್ಪಿರುವ ಮಾತಿಲ್ಲ. ಆರಾರು ಅಂಕಿಯ ಎಂಟು ಗುಂಪು. ಒಂದೊಂದಾಗಿ ಹೊಡೆದ. ತಪ್ಪು ಎಂದಿತು. ಮತ್ತೆ ಹೊಡೆದ. ಮತ್ತೆ ತಪ್ಪು.

ಆಮೇಲೆ ನೋಡಿದ. ಪರದೆಯ ಮೇಲೆ ಬೀಗದ ಗುರುತಿನ ಎಂಟು ಅಕ್ಷರ ಇದ್ದವು. ನೋಟ್‌ಬುಕ್ಕಿನಲ್ಲಿದ್ದ ಗುರುತೇ ಬೇರೆ, ಪರದೆಯಲ್ಲಿದ್ದ ಗುರುತೇ ಬೇರೆ. ಬೀಗ ತಾನಾಗಿ ಬದಲಾಗುವುದಿಲ್ಲ. ಯಾರೋ ಹಳೆಯದನ್ನು ತೆಗೆದು ಹೊಸದು ಹಾಕಿದ್ದಾರೆ. ಈ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಗೊತ್ತಿರುವುದು ಇಬ್ಬರಿಗೆ, ಅವನಿಗೆ ಮತ್ತು ಅಕ್ಕನಿಗೆ. ತನ್ನ ಬೆರಳಿನ ಮೇಲಿದ್ದ ಅನುಮಾನ ಆ ಗಳಿಗೆಯಲ್ಲಿ ಇಳಿದುಹೋಯಿತು. ಅದು ಇಳಿದದ್ದು ಅವನಿಗೆ ಹಿತವಾಗಲಿಲ್ಲ.

ಅಕ್ಕ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಚೀಟಿ ಕೊಡುವುದು, ಸರದಿ ಕೂಗುವುದು. ಕೆಲಸದ ಹೊತ್ತಿನಲ್ಲಿ ಅವಳು ಫೋನ್ ಎತ್ತುವವಳಲ್ಲ. ಅವನು ನಾಲ್ಕು ಸಲ ಮಾಡಿದ ಮೇಲೆ ಎತ್ತಿದಳು.

"ಏನೋ?" ಪಿಸುದನಿ. ಹಿಂದೆ ಯಾವುದೋ ಮಗು ಅಳುತ್ತಿತ್ತು.

"ಅಕ್ಕಾ, ಲ್ಯಾಪ್‌ಟಾಪಿನ ಬೀಗ ನೀನೇನಾದ್ರೂ ಬದಲಾಯಿಸಿದ್ದೆಯಾ?"

ಅಕ್ಕ ಸುಮ್ಮನಾದಳು. ಅವನು ಎಣಿಸಬೇಕೆಂದು ಎಣಿಸಲಿಲ್ಲ, ಅದು ಅಭ್ಯಾಸ. ಒಂದು ಸೆಕೆಂಡು, ಒಂದೂವರೆ. ಇದು ಸಾಲು ತಪ್ಪಿದವಳ ಮೌನವಲ್ಲ. ಮುಂದಿನ ಸಾಲನ್ನು ಕಣ್ಣಿನಲ್ಲೇ ಓದಿಕೊಂಡು ಬಾಯಿ ತೆರೆಯುವ ಮುಂಚಿನದು.

"ಯಾವ ಬೀಗ? ನಂಗೇನ್ ಗೊತ್ತೋ ಅವೆಲ್ಲ."

"ಸರಿ ಬಿಡು. ಹಾಗಾದ್ರೆ ಒಂದು ಕೆಲಸ ಮಾಡೋಣ. ಭಾನುವಾರದವರೆಗಿನದು ಹೊರಗಿನ ಡಿಸ್ಕಲ್ಲಿದೆ. ಕೊನೇ ಇಪ್ಪತ್ತು ಪುಟ ಮಾತ್ರ ಇಲ್ಲ. ಊಟದ ಹೊತ್ತಲ್ಲಿ ಬಂದು ಅಷ್ಟು ಓದ್ಬಿಡು. ಫೋನಲ್ಲೇ ರೆಕಾರ್ಡ್ ಮಾಡ್ಕೊಳ್ತೀನಿ. ಒಂದು ಗಂಟೆ ಕೆಲಸ."

ಈ ಸಲದ ಮೌನ ಅವನ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಮಗುವಿನ ಅಳು ನಿಂತಿತು, ಯಾರೋ ಔಷಧದ ಅಂಗಡಿ ಎಲ್ಲಿ ಎಂದು ಕೇಳಿದರು, ಇನ್ಯಾರೋ ಎಡಕ್ಕೆ ಎಂದರು. ಆಮೇಲೆ ಅಕ್ಕ, "ಹತ್ತು ನಿಮಿಷ ಬಿಟ್ಟು ಮಾಡ್ತೀನಿ," ಅಂದಳು.

ಹನ್ನೆರಡು ನಿಮಿಷಕ್ಕೆ ಮಾಡಿದಳು. ಎಲ್ಲಿಗೋ ಹೋಗಿ ನಿಂತಿದ್ದಳು, ಪಿಸುದನಿಯೇ ಗುಂಯ್ ಎನ್ನುತ್ತಿತ್ತು. ಬಹುಶಃ ಮೆಟ್ಟಿಲ ಕೆಳಗೆ.

"ಬರ್ಕೋ," ಅಂದಳು. "ಎಪ್ಪತ್ತೊಂದು, ನಲವತ್ತು, ಐವತ್ತಾರು."

ಬೀಗ ಅನ್ನುವುದೇ ಗೊತ್ತಿಲ್ಲ ಎಂದವಳು ಆರಾರು ಅಂಕಿಯಾಗಿ ಒಡೆದು, ಪ್ರತಿ ಗುಂಪಿಗೂ ಸಮನಾದ ಬಿಡುವು ಕೊಟ್ಟು, ಸರದಿ ಕೂಗುವ ಅದೇ ಧಾಟಿಯಲ್ಲಿ ನಲವತ್ತೆಂಟೂ ಅಂಕಿಯನ್ನು ಓದಿದಳು. ಐದನೆಯ ಗುಂಪಿನಲ್ಲಿ ದನಿ ಒಡೆಯಿತು. ಕೆಮ್ಮಿ, ಮತ್ತೆ ಮೊದಲಿನಿಂದ ಆ ಗುಂಪನ್ನು ಹೇಳಿದಳು. ಸುಳ್ಳು ಸಿಕ್ಕಿಬಿದ್ದವರ ದನಿ ಹೀಗೇ ಒಡೆಯುತ್ತದೆ ಎಂದುಕೊಂಡ ಅವನು.

"ಸೇಫ್ ಮೋಡಲ್ಲಿ ತೆಗೆದು ಪಾಠ ಮಾತ್ರ ತಗೋ," ಅಂದಳು. "ಬೇರೆ ಏನೂ ಮುಟ್ಬೇಡ ಕಣೋ. ಆಮೇಲೆ ನೋಡೋಣ."

"ಯಾಕೆ, ಮುಟ್ಟಿದ್ರೆ ಏನಾಗತ್ತೆ?"

"ಕೆಟ್ಟು ಹೋಗತ್ತೆ," ಎಂದು ಇಟ್ಟುಬಿಟ್ಟಳು.

ಬೀಗ ತೆರೆಯಿತು, ಆದರೆ ಸೇಫ್ ಮೋಡ್ ತೆರೆಯಲಿಲ್ಲ, ಅರ್ಧ ದಾರಿಯಲ್ಲಿ ಮತ್ತೆ ರಿಪೇರಿ ಪುಟಕ್ಕೇ ಬಂದು ನಿಂತಿತು. ಇತ್ತೀಚಿನ ಅಪ್‌ಡೇಟ್ ತೆಗೆದುಹಾಕು ಎಂಬುದನ್ನು ಒತ್ತಿದ. ಹತ್ತು ನಿಮಿಷ ತಿರುಗಿ ಆಗಲಿಲ್ಲ ಎಂದಿತು. ಉಳಿದದ್ದು ಒಂದೇ ದಾರಿ, ಅಕ್ಷರಗಳಷ್ಟೇ ಕಾಣುವ ಕಪ್ಪು ಕಿಟಕಿ. ಅದನ್ನು ತೆರೆದು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕೇಳಿದ. ಬಂದ ಉತ್ತರ ನೋಡಿ ಅವನಿಗೆ ನಗುವೇ ಬಂತು. ಜಾಗವೇ ಇಲ್ಲ. ಒಂದು ಹಾಡು ಇಡುವಷ್ಟೂ ಇಲ್ಲ. ಪಾಪ, ಅಪ್‌ಡೇಟ್ ಏನು ಮಾಡೀತು? ಕಾಲಿಡಲು ಜಾಗವಿಲ್ಲದ ಮನೆಗೆ ಮಂಚ ಹೊತ್ತು ತಂದವರ ಹಾಗೆ ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಿತ್ತು.

ಆದರೆ ಜಾಗ ಎಲ್ಲಿ ಹೋಯಿತು? ಎರಡು ತಿಂಗಳ ಹಿಂದೆ ಅರ್ಧಕ್ಕರ್ಧ ಖಾಲಿ ಇತ್ತು. ಒಂದೊಂದೇ ಫೋಲ್ಡರಿನ ತೂಕ ನೋಡುತ್ತ ಹೋದ. ಅವನ ಹೆಸರಿನದು, ಎಂದಿನಷ್ಟೇ. ಅಕ್ಕನ ಹೆಸರಿನದು, ಖಾಲಿ ಅನ್ನಬಹುದು. ಮೂರನೆಯದೊಂದಿತ್ತು. ಓದು೨ ಎಂದು ಹೆಸರು. ಅವನು ಎಂದೂ ನೋಡಿರದ ಖಾತೆ. ಡಿಸ್ಕಿನ ಅರ್ಧ ಅದರ ಹೊಟ್ಟೆಯಲ್ಲಿತ್ತು.

ಪಾಠ ಮಾತ್ರ ತಗೋ, ಬೇರೇನೂ ಮುಟ್ಟಬೇಡ. ಅಕ್ಕನ ಮಾತು ಕಿವಿಯಲ್ಲಿತ್ತು. ಅವನು ಮುಟ್ಟಿದ. ಜಾಗ ಮಾಡದೆ ಅಪ್‌ಡೇಟ್ ಮುಗಿಯುವುದಿಲ್ಲ ಎಂಬುದು ನೆಪ. ನೆಪ ಎಂದು ಅವನಿಗೂ ಗೊತ್ತಿತ್ತು.

ಒಳಗೆ ಒಂದು ಫೋಲ್ಡರು, ಮಾದರಿ ದನಿ ಎಂದು. ತೆರೆದರೆ ಇಪ್ಪತ್ತಮೂರು ಪುಸ್ತಕ. ಅಕ್ಕನ ಹಸಿ ಓದಲ್ಲ, ಅವನು ತಿದ್ದಿದ ಮೇಲಿನದು. ಕೆಮ್ಮು ತೆಗೆದದ್ದು, ಪುಟ ತಿರುವುವ ಸದ್ದು ತೆಗೆದದ್ದು, ಮೌನಗಳನ್ನು ಒಂದೊಂದಾಗಿ ತೂಗಿ ಇಟ್ಟದ್ದು. ಆರು ವರ್ಷ. ಎಲ್ಲವನ್ನೂ ವಾಕ್ಯ ವಾಕ್ಯವಾಗಿ ಸಾವಿರಾರು ಚೂರು ಮಾಡಿ ಜೋಡಿಸಿದ್ದರು. ಅದರ ಪಕ್ಕದಲ್ಲಿ ಇನ್ನೂ ಮೂರು ಫೋಲ್ಡರು. ಪಾಠ ಒಂಬತ್ತು, ಪಾಠ ಹತ್ತು, ಪಾಠ ಹನ್ನೊಂದು. ಅವುಗಳ ಕೆಳಗೆ ಒಂದು ಚಿಕ್ಕ ಬರಹದ ಕಡತ. ಅದನ್ನು ತೆರೆದ.

ಏಳೆಂಟು ಸಾಲು. ದನಿ: ಮಾದರಿ. ವೇಗ: ನಿಧಾನ. ಉಸಿರು: ಮಧ್ಯಮ. ಕೆಮ್ಮು: ಪಾಠಕ್ಕೆ ಮೂರು. ತೊದಲು: ಪುಟಕ್ಕೆ ಎರಡು.

ಅದನ್ನು ಅವನು ಕರಡು ತಿದ್ದುವವನಂತೆ, ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಮೂರು ಸಲ ಓದಿದ. ಈ ಮೂರು ಪಾಠ ಅಕ್ಕ ಓದಿದ್ದಲ್ಲ, ಅವಳ ದನಿ ಕಲಿತ ಮಷೀನು ಓದಿದ್ದು. ಎರಡು ತಿಂಗಳ ಹಿಂದೆ ಅಕ್ಕ ಹೇಳಿದ್ದು ನೆನಪಾಯಿತು. ನೀನು ಎದುರಿಗೆ ಕೂತ್ರೆ ನಂಗೆ ಓದಕ್ಕಾಗಲ್ಲ ಕಣೋ, ಬೆಳಗ್ಗೆ ನಾನೊಬ್ಬಳೇ ಓದಿ ಇಡ್ತೀನಿ, ಸಂಜೆ ನೀನು ಬಂದು ತಿದ್ಕೋ. ಸರಿ ಎಂದಿದ್ದ. ಎರಡು ತಿಂಗಳು ಮುದ್ರಣಾಲಯದಿಂದ ನೇರವಾಗಿ ಇಲ್ಲಿಗೆ ಬಂದು, ಸೆಕೆಯಲ್ಲಿ ಬೆವರುತ್ತ, ಕಿವಿಗೆ ಹೆಡ್‌ಫೋನ್ ಕಚ್ಚಿಸಿಕೊಂಡು ಆ ಮೂರು ಪಾಠಗಳಲ್ಲಿ ಪುಟಕ್ಕೆ ಎರಡರಂತೆ ತೊದಲು ತೆಗೆದಿದ್ದ. ಒಂದೂ ತಪ್ಪಿಸಿರಲಿಲ್ಲ. "ಅಕ್ಕಾ, ಸಾಮ್ರಾಜ್ಯದಲ್ಲಿ ಮತ್ತೆ ಮುಗ್ಗರಿಸಿದ್ದೀಯಲ್ಲೇ, ಯಾವ ರಾಜನೂ ಇಷ್ಟು ಸಲ ಬಿದ್ದಿರಲ್ಲ," ಎಂದು ಮೆಸೇಜ್ ಬೇರೆ ಮಾಡಿದ್ದ. ಅಕ್ಕ ನಗುವ ಮುಖವೊಂದನ್ನು ಕಳಿಸಿದ್ದಳು.

ಅವನ ಕೈ ತನ್ನ ಪಾಡಿಗೆ ಕೆಲಸ ಮುಂದುವರಿಸಿತು. ಹೊರಗಿನ ಡಿಸ್ಕನ್ನು ಮತ್ತೆ ಸಿಕ್ಕಿಸಿ ಓದು೨ ಫೋಲ್ಡರನ್ನು ಇಡಿಯಾಗಿ ಅದಕ್ಕೆ ಸಾಗಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ರಿಸ್ಟಾರ್ಟ್ ಕೊಟ್ಟ. ಮೂವತ್ತೈದಕ್ಕೆ ಬಂದಾಗ ಅಪ್‌ಡೇಟ್ ಒಂದು ಗಳಿಗೆ ತಡೆಯಿತು, ಆಮೇಲೆ ಮೂವತ್ತಾರು, ಮೂವತ್ತೇಳು. ಬೆಳಗ್ಗೆಯಿಂದ ಇದಕ್ಕಾಗಿ ಕಾದಿದ್ದವನು ನೂರು ತುಂಬುವುದನ್ನು ನೋಡಲಿಲ್ಲ. ಎದ್ದು ಹೊರಗೆ ಬಂದ.

ಭಾವ ನಡುಮನೆಯಲ್ಲಿ ಹೊಸ ಕಲಿಕೆಯವರ ಅರ್ಜಿ ತುಂಬಿಸುತ್ತಿದ್ದರು. ಅವನ ಮುಖ ನೋಡಿದವರೇ ಪೆನ್ನು ಮುಚ್ಚಿದರು.

"ತೆಗೆದ್ಯಾ?"

"ಭಾವ, ಕೆಮ್ಮು ಪಾಠಕ್ಕೆ ಮೂರು ಯಾಕೆ? ನಾಲ್ಕು ಇಟ್ಟಿದ್ರೆ ಏನಾಗ್ತಿತ್ತು?"

ಭಾವ ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸಿದರು. "ಕೂತ್ಕೋ ಮಾರಾಯ. ನಿಮ್ಮಕ್ಕ ಬರ್ತಾ ಇದಾಳೆ. ಅರ್ಧ ದಿನ ರಜೆ ಹಾಕಿದಾಳೆ."

ಅವನು ಕೂರಲಿಲ್ಲ. ಅಕ್ಕ ಬಂದದ್ದು ಎರಡು ಗಂಟೆಗೆ. ಕೌಂಟರಿನ ನೀಲಿ ಮೇಲಂಗಿಯನ್ನೂ ಬಿಚ್ಚದೆ ಬಂದಿದ್ದಳು. ಅವನನ್ನು ನೋಡಿ ಚಪ್ಪಲಿ ಬಿಡುವುದನ್ನೇ ಮರೆತು ಕುರ್ಚಿಯಲ್ಲಿ ಕೂತಳು.

"ಗಂಟಲಲ್ಲಿ ಗಂಟು ಬಂದಿದೆ," ಅಂದಳು. ಪಿಸುಮಾತಲ್ಲ, ಬಿಟ್ಟ ದನಿ. ಅದನ್ನು ಕೇಳಿ ಅವನು ಬೆಚ್ಚಿದ. ಒಣ ಹಲಗೆಯ ಮೇಲೆ ಇನ್ನೊಂದು ಹಲಗೆ ಎಳೆದಂತಿತ್ತು. "ದನಿಯ ತಂತಿ ಮೇಲೆ. ಅಲ್ಲೇ ಡಾಕ್ಟರ್ ನೋಡಿದ್ರು. ಆರು ತಿಂಗಳು ಓದೋ ಹಾಗಿಲ್ಲ ಅಂದ್ರು. ಕೌಂಟರಲ್ಲಿ ಈಗ ಬೋರ್ಡ್ ಇದೆ, ಗುಂಡಿ ಒತ್ತೋದಷ್ಟೆ. ಕೂಗೋದಿಲ್ಲ."

"ಎರಡು ತಿಂಗಳಿಂದ?"

"ಹೂಂ."

ಎರಡು ತಿಂಗಳು ಅಕ್ಕ ಅವನ ಹತ್ತಿರ ಮೆಸೇಜಿನಲ್ಲೇ ಮಾತಾಡಿದ್ದಳು. ಎದುರು ಸಿಕ್ಕಾಗ ತಲೆಯಾಡಿಸಿ ಒಳಗೆ ಹೋಗಿದ್ದಳು. ದಿನಕ್ಕೆ ಮೂರು ಗಂಟೆ ಅವಳ ದನಿಯನ್ನೇ ಕಿವಿಗೆ ಹಾಕಿಕೊಂಡು ಕೂರುವವನಿಗೆ ಅವಳ ದನಿ ಕೇಳಿ ಎಷ್ಟು ದಿನವಾಯಿತೆಂಬ ಯೋಚನೆಯೇ ಬಂದಿರಲಿಲ್ಲ.

"ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಪುಸ್ತಕ ನಿಲ್ಲಿಸ್ತಿದ್ದೆ ನೀನು. ಬೇರೆಯವರ ಓದಿಗೆ ಕೈ ಹಚ್ಚಲ್ಲ ಅಂತಿದ್ದೆ. ಇಲ್ವಾ? ನಿನ್ನ ಹಟ ನಂಗೊತ್ತಿಲ್ವಾ? ಪರೀಕ್ಷೆ ಹತ್ರ ಬಂದಿತ್ತು."

"ಮಷೀನು ಅಂತ ಹೇಳಿ ಕೊಟ್ಟಿದ್ರೂ ಆಗ್ತಿತ್ತು."

ಇದಕ್ಕೆ ಉತ್ತರ ಕೊಟ್ಟದ್ದು ಭಾವ. "ಅದು ನನ್ನ ತಲೆ ಕಣೋ. ನನ್ನ ಹತ್ರ ಕಾರು ಕಲಿಯೋಕೆ ಬರ್ತಾರಲ್ಲ ಕಂಪ್ಯೂಟರ್ ಮೇಡಂ, ಅವರೇ ಬಂದು ಎಲ್ಲಾ ಹಾಕ್ಕೊಟ್ರು. ಬೇರೆ ಖಾತೆ, ಬೇರೆ ಬೀಗ. ಮೊದಲು ಬಂದಿದ್ದು ಎಷ್ಟು ನೀಟಾಗಿತ್ತು ಅಂತೀಯ, ಒಂದು ತಪ್ಪಿಲ್ಲ. ಇಷ್ಟು ನೀಟಾಗಿ ಕೊಟ್ರೆ ಅವನಿಗೆ ಮಾಡೋಕೇನೂ ಇರಲ್ಲ, ಅನುಮಾನ ಬರತ್ತೆ, ಬೇಜಾರೂ ಆಗತ್ತೆ ಅಂದೆ. ಸ್ವಲ್ಪ ತೊದಲು ಸೇರಿಸಿ ಅಂದೆ. ನೋಡು, ನಮ್ಮ ಕಾರಲ್ಲಿ ನನ್ನ ಕಾಲ್ಕೆಳಗೂ ಬ್ರೇಕು ಕ್ಲಚ್ಚು ಇರತ್ತೆ. ಮೊದಲ ವಾರ ಗಾಡಿ ಓಡ್ಸೋದು ನಾನೇ. ಆದ್ರೆ ಸ್ಟಿಯರಿಂಗ್ ಕಲಿಯೋರ ಕೈಲಿ ಇರತ್ತಲ್ಲ, ತಾವೇ ಓಡಿಸ್ದಂಗೆ ಅವರಿಗೆ ಖುಷಿ. ಯಾರಿಗೇನು ನಷ್ಟ?"

"ರೀ, ಸುಮ್ನಿರಿ," ಅಂದಳು ಅಕ್ಕ.

"ಅಲ್ವೇ, ಒಳ್ಳೇದಕ್ಕೆ ಮಾಡಿದ್ದು ತಾನೆ."

"ಎರಡು ತಿಂಗಳು," ಅಂದ ಅವನು. "ಎರಡು ತಿಂಗಳು ನನ್ನ ಕಿವಿ ಮೇಲೆ ಹೂ ಇಟ್ರಿ. ಮಕ್ಕಳ ಮುಂದೆ ಆಟದ ಸಾಮಾನು ಚೆಲ್ಲಿ ಹೋಗ್ತಾರಲ್ಲ, ಎತ್ತಿಟ್ಕೊಂಡು ಕೂತಿರ್ಲಿ ಅಂತ, ಹಾಗೆ. ನಾನು ಎತ್ತಿಟ್ಟೆ. ಒಂದೂ ಬಿಡ್ಲಿಲ್ಲ. ನೀವಿಬ್ರೂ ಇಲ್ಲಿ ಕೂತು ನಗ್ತಿದ್ರಾ?"

"ನಗಲಿಲ್ಲ," ಅಂದಳು ಅಕ್ಕ. "ಅಮ್ಮನಾಣೆ ನಗಲಿಲ್ಲ ಕಣೋ."

"ಮಾದರಿ ದನಿ ಅಂತ ಹಾಕಿದ್ದೀರಲ್ಲ, ಅದು ನಿನ್ನ ದನಿ ಮಾತ್ರಾನಾ? ಅದರೊಳಗೆ ನಾನು ಎಷ್ಟು ಕೂತಿದ್ದೆ ಅಂತ ಗೊತ್ತಾ ನಿಂಗೆ? ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಅನ್ನೋದು ಆ ಮಷೀನಿಗೆ ಯಾರು ಹೇಳ್ಕೊಟ್ಟಿದ್ದು? ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಅಕ್ಕ ಮೇಲಂಗಿಯ ಜೇಬಿನಿಂದ ಒಂದು ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡಳು. ಹೊರಗೆ ಯಾರೋ ಸ್ಕೂಟರನ್ನು ಒದ್ದು ಒದ್ದು ಸಾಕಾಗಿ ತಳ್ಳಿಕೊಂಡು ಹೋದರು.

"ಒಂಬತ್ತನೇ ಪಾಠ ನಿಂಗೆ ಕೊಟ್ಟ ದಿನ," ಅಂದಳು ಆಮೇಲೆ, "ನಂಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಫೋನ್ ನೋಡ್ಕೊಂಡೇ ಇದ್ದೆ. ಇವರಿಗೂ ಹೇಳಿದ್ದೆ, ಅವನು ಎರಡು ವಾಕ್ಯದಲ್ಲಿ ಹಿಡಿದ್ಬಿಡ್ತಾನೆ ನೋಡಿ, ಬಂದು ನನ್ನ ಜುಟ್ಟು ಹಿಡ್ಕೊಂಡು ಕೇಳ್ತಾನೆ ಅಂತ. ಹಿಡಿದಿದ್ರೆ ಅವತ್ತೇ ಎಲ್ಲಾ ಹೇಳ್ಬಿಡ್ತಿದ್ದೆ. ನೀನು ಹಿಡೀಲಿಲ್ಲ. ಹತ್ತನೇದು ಕೊಟ್ಟೆ, ಅದನ್ನೂ ಹಿಡೀಲಿಲ್ಲ." ತಲೆಯೆತ್ತಿ ಅವನನ್ನು ನೋಡಿದಳು. "ಆರು ವರ್ಷ ಕೇಳಿದ್ದೀಯಲ್ಲೋ ನನ್ನ. ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

ಅವಳು ಕೇಳಿದ್ದು ಚುಚ್ಚಲೆಂದಲ್ಲ. ಅದು ಅವನಿಗೆ ತಿಳಿಯಿತು. ಚುಚ್ಚಲೆಂದೇ ಕೇಳಿದ್ದರೆ ಏನಾದರೂ ಹೇಳಬಹುದಿತ್ತು.

"ಟೈಮಾಯ್ತು," ಎಂದು ಅವನು ಒಳಗೆ ಹೋದ.

ಲ್ಯಾಪ್‌ಟಾಪ್ ಏನೂ ಆಗಿಯೇ ಇಲ್ಲವೆಂಬಂತೆ ತೆರೆದುಕೊಂಡು ಕೂತಿತ್ತು. ಹೊಸ ಬಣ್ಣ, ಹೊಸ ಗುಂಡಿಗಳು, ಸ್ವಾಗತ ಎಂಬ ಮಾತು. ಹನ್ನೊಂದನೆಯ ಪಾಠ ಇದ್ದಲ್ಲೇ ಇತ್ತು. ಕೊನೆಯ ಆರು ಪುಟ ತಿದ್ದುವುದಿತ್ತು. ಹೆಡ್‌ಫೋನ್ ಹಾಕಿಕೊಂಡ. ಅಕ್ಕನ ದನಿ ಬಂತು, ತುಂಬಿದ, ನುಣುಪಾದ, ಎಲ್ಲೂ ಗಂಟಿಲ್ಲದ ದನಿ. ಹೊರಗೆ ಅಕ್ಕ ಕೆಮ್ಮುತ್ತಿದ್ದಳು. ಅದು ಹಾಸಿಗೆ ಕಂಬಳಿಗಳನ್ನು ದಾಟಿ ಸಣ್ಣಗೆ ಕೇಳುತ್ತಿತ್ತು.

ಈಗ ಕೇಳಿದರಾದರೂ ವ್ಯತ್ಯಾಸ ಗೊತ್ತಾಗಬೇಕಲ್ಲ ಎಂದು ಕಣ್ಣು ಮುಚ್ಚಿ ಕೇಳಿದ. ಉಸಿರು ಎಲ್ಲಿ ಎಳೆದುಕೊಳ್ಳಬೇಕೋ ಅಲ್ಲೇ ಎಳೆದುಕೊಳ್ಳುತ್ತಿತ್ತು. ಯುದ್ಧ ಮುಗಿದ ವಾಕ್ಯದ ಮುಂದೆ ಒಂದಿಷ್ಟು ನಿಂತಿತು. ಎಷ್ಟು ನಿಲ್ಲಬೇಕಿತ್ತೋ ಅಷ್ಟೇ. ಎಷ್ಟು ಹುಡುಕಿದರೂ ಹುಳುಕು ಸಿಗಲಿಲ್ಲ. ಸಿಕ್ಕಿದ್ದರೆ ಅವನ ಕಿವಿಯ ಮಾನವಾದರೂ ಉಳಿಯುತ್ತಿತ್ತು.

ಕಳಿಸದೆ ಇರಬಹುದು. ಇದು ಮನುಷ್ಯರ ಓದಲ್ಲ ಎಂದು ಗ್ರಂಥಪಾಲಕರಿಗೆ ಹೇಳಿ ಕೈ ತೊಳೆದುಕೊಳ್ಳಬಹುದು. ಸೋಮವಾರ ಪರೀಕ್ಷೆಗೆ ಕೂರುವವರು ಅದಕ್ಕೇನು ಮಾಡುತ್ತಾರೆ? ಅವರಿಗೆ ಬೇಕಾದ್ದು ಪಾಠ. ಆರು ಪುಟದಲ್ಲಿ ಹನ್ನೆರಡು ತೊದಲು ಇದ್ದವು. ಹನ್ನೆರಡನ್ನೂ ಹುಡುಕಿ ತೆಗೆದ. ಇಷ್ಟು ಹಿಂಸೆಯಿಂದ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಪ್ರತಿ ಪುಸ್ತಕದ ಕೊನೆಗೆ ಎರಡು ಸಾಲು ಬರುತ್ತವೆ. ಓದಿದವರು ಎಂದು ಅಕ್ಕನ ಹೆಸರು, ದನಿ ತಿದ್ದಿದವರು ಎಂದು ಅವನ ಹೆಸರು. ಮೊದಲ ಪುಸ್ತಕಕ್ಕೆ ಅಕ್ಕ ತಾನೇ ಓದಿದ್ದ ಆ ಸಾಲುಗಳನ್ನು ಇಪ್ಪತ್ತಮೂರಕ್ಕೂ ಅಂಟಿಸುತ್ತ ಬಂದಿದ್ದರು. ಇದಕ್ಕೂ ಅಂಟಿಸಿದ. ಆಮೇಲೆ ಎರಡನೆಯ ಸಾಲನ್ನು ಗುರುತು ಹಾಕಿ ಕತ್ತರಿಸಿದ. ನಾಲ್ಕಕ್ಕೆ ಎಂಟು ನಿಮಿಷವಿರುವಾಗ ಕಳಿಸಿದ.

ಐದು ಗಂಟೆಗೆ ಗ್ರಂಥಪಾಲಕರ ಫೋನ್ ಬಂದಾಗ ಅವನು ತನ್ನ ಬಾಡಿಗೆ ಕೋಣೆಗೆ ಹೋಗುವ ದಾರಿಯಲ್ಲಿದ್ದ.

"ಬಂತು ಸಾರ್, ಬಂತು. ಬದುಕಿದ್ವಿ. ಹುಡುಗರು ಆಗ್ಲೇ ತಗೊಂಡು ಹೋದ್ರು. ಆದ್ರೆ ಕೊನೇಲಿ ನಿಮ್ಮ ಹೆಸರು ಕೇಳಿಸ್ಲಿಲ್ಲವಲ್ಲ?"

"ಅವಸರದಲ್ಲಿ ಬಿಟ್ಟುಹೋಯ್ತು ಸರ್."

"ಛೆ ಛೆ, ಸೇರಿಸಿ ಕಳಿಸಿ, ಬದಲಾಯಿಸ್ತೀನಿ. ನಿಮ್ಮ ಅಕ್ಕನಿಗೆ ನಮಸ್ಕಾರ ಹೇಳಿ. ಆಯಮ್ಮನ ಗಂಟಲು ಚೆನ್ನಾಗಿರ್ಲಿ."

"ಹೇಳ್ತೀನಿ ಸರ್," ಅಂದ.

ನಮಸ್ಕಾರ ಹೇಳಿದ, ಮೆಸೇಜಿನಲ್ಲಿ. ಹೆಸರು ಸೇರಿಸಿ ಕಳಿಸಲಿಲ್ಲ. ಮುಂದೆ ಅಕ್ಕನ ಗಂಟಲು ಅರ್ಧ ವಾಸಿಯಾಯಿತು, ಭಾವ ಅವನನ್ನು ಕತ್ತರಿ ಎಂದು ಕರೆಯುವುದನ್ನು ತಾವಾಗಿಯೇ ಬಿಟ್ಟರು, ಅವನು ಆ ಮನೆಗೆ ಮತ್ತೆ ಹೋಗಿ ಬರುವುದೂ ಶುರುವಾಯಿತು. ಆ ದಿನ ಅಕ್ಕ ಕೇಳಿದ ಪ್ರಶ್ನೆಯನ್ನು ಯಾರೂ ಮತ್ತೆ ಎತ್ತಲಿಲ್ಲ.

ಇಪ್ಪತ್ತನಾಲ್ಕು ಪುಸ್ತಕಗಳಲ್ಲಿ ತನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಮೂರು ಪಾಠಗಳ ಓದು ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.